ಅಜ್ಜಿಯ ಹಚ್ಚೆಗೆ ಒಪ್ಪಿಗೆ ಕೊಟ್ಟವರು ಯಾರು?

ದೀಪಾವಳಿಗೋ ಜಾತ್ರೆಗೋ ಬೆಂಗಳೂರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಒಂದು ತಮಾಷೆ ನೋಡಬಹುದು. ಮೆಜೆಸ್ಟಿಕ್‌ನಲ್ಲಿ ಟೀ ಶರ್ಟ್ ಹಾಕಿಕೊಂಡು ಹತ್ತಿದ ಹುಡುಗ ಹುಡುಗಿಯರು ಬೆಳಗಿನ ಜಾವ ಊರು ಹತ್ತಿರ ಬರುವಾಗ ಉದ್ದ ತೋಳಿನ ಅಂಗಿಗೆ ಬದಲಾಗಿರುತ್ತಾರೆ. ಮಲೆನಾಡಿನ ಚಳಿಗೆ ಅಂತ ನೀವು ಅಂದುಕೊಂಡರೆ ಅರ್ಧ ಸರಿ. ಇನ್ನರ್ಧ ಕಾರಣ ತೋಳಿನ ಮೇಲೇ ಇದೆ: ಒಂದು ರೆಕ್ಕೆ, ಒಂದು ತ್ರಿಶೂಲ, ಯಾರದೋ ಹೆಸರಿನ ಮೊದಲಕ್ಷರ, 2021ರ ನಂತರವಾದರೆ ಬಹುಶಃ ಅಪ್ಪುವಿನ ಮುಖ.

ಮನೆಯಲ್ಲಿ ಸಿಕ್ಕಿಬಿದ್ದರೆ ಕೇಳುವ ಮಾತು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. "ಎಂತಕ್ಕೆ ಬೇಕಿತ್ತು ಇದು? ಇಷ್ಟು ಸಣ್ಣ ವಯಸ್ಸಲ್ಲಿ? ನಾಳೆ ಬೇಡ ಅನ್ನಿಸಿದ್ರೆ ಎಂತ ಮಾಡ್ತಿ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಷ್ಟೋ ಮನೆಗಳಲ್ಲಿ ಇದೇ ಮಾತುಕತೆ ನಡೆಯುವಾಗ ಪಕ್ಕದ ಜಗಲಿಯಲ್ಲಿ ಒಬ್ಬ ಅಜ್ಜಿ ಕವಳ ಹಾಕುತ್ತಾ ಕೂತಿರುತ್ತಾರೆ. ಅವರ ಮುಂಗೈ ಮೇಲೆ ಒಂದು ಚೇಳು, ಒಂದು ತುಳಸಿಕಟ್ಟೆ. ಹಾಕಿಸಿದಾಗ ಅವರಿಗೆ ಎಂಟೋ ಹತ್ತೋ. ನಾಳೆ ಬೇಡ ಅನ್ನಿಸಿದರೆ ಅಂತ ಆಗ ಅವರನ್ನು ಯಾರೂ ಕೇಳಿರಲಿಲ್ಲ.

ಟ್ಯಾಟೂ ಅನ್ನುವ ಪದ ಇಂಗ್ಲಿಷಿಗೆ ಬಂದದ್ದು ತಹಿತಿ ದ್ವೀಪದಿಂದ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಅಲ್ಲಿಯ 'ತತಾವ್' ನೋಡಿ ಬರೆದುಕೊಂಡು ಹೋದರು. ನಮ್ಮ ಪದಕ್ಕೆ ಯಾವ ಹಡಗೂ ಬೇಕಾಗಿರಲಿಲ್ಲ. ಹಚ್ಚೆ ಅಂದರೆ 'ಪಚ್ಚೆ', ಹಸಿರು. ಹಳೆಯ ಕನ್ನಡದ 'ಪ' ಆಮೇಲೆ 'ಹ' ಆಯಿತಲ್ಲ, ಪಾಲು ಹಾಲಾದ ಹಾಗೆ. ತಮಿಳರು ಇವತ್ತಿಗೂ ಪಚ್ಚೆ ಕುತ್ತುವುದು ಅನ್ನುತ್ತಾರೆ, ತೆಲುಗರು ಪಚ್ಚಬೊಟ್ಟು ಅನ್ನುತ್ತಾರೆ. ಚುಚ್ಚುತ್ತಿದ್ದದ್ದು ಮಾತ್ರ ಕಪ್ಪು. ಎಣ್ಣೆದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಸಿನ ತಿಕ್ಕುತ್ತಿದ್ದರು. ಚರ್ಮದ ಒಳಪದರಕ್ಕೆ ಇಳಿದ ಮಸಿ ಹೊರಗಿನಿಂದ ನೋಡುವಾಗ ಹಸಿರು-ನೀಲಿಯಾಗಿ ಕಾಣುತ್ತದೆ. ಬೆಳಕು ಚರ್ಮದೊಳಗೆ ಚದುರುವ ರೀತಿಯೇ ಹಾಗೆ. ಪದವನ್ನು ಕಟ್ಟಿದವರು ಶಾಯಿಯ ಬಣ್ಣಕ್ಕಲ್ಲ, ಗಾಯ ಮಾಗಿದ ಮೇಲೆ ಕಂಡ ಬಣ್ಣಕ್ಕೆ ಹೆಸರಿಟ್ಟರು.

ಹಚ್ಚೆ ಹಾಕುತ್ತಿದ್ದವರು ಕೊರವಂಜಿಯರು. ಯಕ್ಷಗಾನ ನೋಡಿದವರಿಗೆ ಪರಿಚಯ ಬೇಕಿಲ್ಲ. ಶ್ರೀನಿವಾಸ ಕಲ್ಯಾಣದಲ್ಲಿ ಸಾಕ್ಷಾತ್ ಶ್ರೀನಿವಾಸನೇ ಪದ್ಮಾವತಿಯ ಮನೆಗೆ ಹೋಗುವುದು ಕೊರವಂಜಿಯ ವೇಷದಲ್ಲಿ. ಬುಟ್ಟಿ ಹೊತ್ತು, ಕಣಿ ಹೇಳುತ್ತಾ, ಸೂಜಿಕಟ್ಟು ಹಿಡಿದು ಅವರು ಊರೂರು ಸುತ್ತುತ್ತಿದ್ದರು. ಕೊಡುತ್ತಿದ್ದದ್ದು ಅಕ್ಕಿ, ಅಡಿಕೆ, ಹಳೇ ಸೀರೆ. ನೋವು ಮರೆಸಲು ಚುಚ್ಚುತ್ತಾ ಹಾಡುತ್ತಿದ್ದರು. ಮೈಸೂರು ಸೀಮೆಯಲ್ಲಿ ಇದೇ ಕೆಲಸವನ್ನು ತೊಗಲುಬೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಮಾಡುತ್ತಿದ್ದರು ಅಂತ 1909ರಲ್ಲಿ ಪ್ರಕಟವಾದ ಥರ್ಸ್ಟನ್‌ನ ಸಂಪುಟಗಳಲ್ಲಿದೆ. ಮನೆ ಮನೆಯ ಜಗಲಿಯೇ ಸ್ಟುಡಿಯೋ. ಡಿಸೈನ್ ಪುಸ್ತಕ ಇಲ್ಲ, ಎಲ್ಲ ಆ ಹೆಂಗಸಿನ ತಲೆಯೊಳಗೆ.

ಅಷ್ಟು ಸಣ್ಣ ವಯಸ್ಸಲ್ಲಿ ಯಾಕೆ? ಯಾಕಂದರೆ ಮದುವೆಯೂ ಆ ವಯಸ್ಸಿಗೇ. ಗಂಡನ ಮನೆಗೆ ಹೋಗುವ ಹುಡುಗಿಗೆ ತವರಿನವರು ಕೊಡುತ್ತಿದ್ದ ಒಡವೆಗಳಲ್ಲಿ ಇದೂ ಒಂದು, ಅದೂ ಯಾರೂ ಅಡವಿಡಲಾಗದ, ಕಸಿದುಕೊಳ್ಳಲಾಗದ ಒಡವೆ. ಸತ್ತ ಮೇಲೆ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲೂ ಇತ್ತು, ದೇಶದ ಬೇರೆ ಮೂಲೆಗಳಲ್ಲೂ ಇತ್ತು. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಹುಡುಗಿಯ ಒಪ್ಪಿಗೆ ಅನ್ನುವ ಖಾನೆಯೇ ಇಲ್ಲ ಅನ್ನುವುದನ್ನೂ ನೋಡಬೇಕು. 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯ್ದೆ ತಂದಾಗ ದೇಶದಲ್ಲಿ ದೊಡ್ಡ ಗಲಾಟೆ ಎದ್ದಿತು. 1929ರ ಶಾರದಾ ಕಾಯ್ದೆ ಹುಡುಗಿಯರ ಮದುವೆಗೆ ಹದಿನಾಲ್ಕು ಅಂತ ಗೆರೆ ಎಳೆಯಿತು. ಸೂಜಿಯ ಬಗ್ಗೆ ಯಾವ ಕಾಯ್ದೆಯೂ ಮಾತಾಡಲಿಲ್ಲ. (ಅದೇ 1891ರಲ್ಲೇ ನ್ಯೂಯಾರ್ಕಿನ ಸ್ಯಾಮುಯೆಲ್ ಓರೈಲಿ ವಿದ್ಯುತ್ ಟ್ಯಾಟೂ ಮಷೀನಿಗೆ ಪೇಟೆಂಟ್ ಪಡೆದ. ಎಡಿಸನ್ನನ ಎಲೆಕ್ಟ್ರಿಕ್ ಪೆನ್ನಿನದೇ ತತ್ವ. ಅದರ ಮರಿಮಕ್ಕಳೇ ಇವತ್ತು ಜಾತ್ರೆಪೇಟೆಯಲ್ಲಿ ಗುಂಯ್ ಅನ್ನುತ್ತಿರುವುದು.)

ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ನಂಗಂತೂ ಗೋಡೆಯ ಚಿತ್ತಾರ, ಕೈಯ ಹಚ್ಚೆ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನಿಸುತ್ತದೆ. ಎರಡೂ ಹೆಂಗಸರ ಲೋಕದ್ದು, ಎರಡೂ ಮದುವೆಯ ಸುತ್ತ ಇರುವಂಥದ್ದು. ಒಂದೇ ವ್ಯತ್ಯಾಸ. ಗೋಡೆ ಮಾಸುತ್ತದೆ, ಮುಂದಿನ ಮದುವೆಗೆ ಮತ್ತೆ ಬಳಿದು ಹೊಸದಾಗಿ ಬರೆಯಬಹುದು, ಈ ಸಲ ಗೆರೆ ಸೊಟ್ಟಗಾದರೆ ಮುಂದಿನ ಸಲ ನೆಟ್ಟಗೆ ಎಳೆಯಬಹುದು. ಚರ್ಮಕ್ಕೆ ಮುಂದಿನ ಸಲ ಇಲ್ಲ.

ಸಿದ್ದಾಪುರದ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿಯನ್ನು ಇದನ್ನೇ ಕೇಳಿದ್ದೆ. ಬೇಜಾರಾಗಿತ್ತಾ ಅಜ್ಜಿ, ಆಮೇಲೆ ಯಾವತ್ತಾದರೂ? ಅವರು ಸ್ವಲ್ಪ ಹೊತ್ತು ಕೈ ನೋಡಿಕೊಂಡರು. "ಸ್ವಾದರತ್ತೆ ಗಟ್ಟಿ ಹಿಡ್ಕಂಡು ಕೂರ್ಸಿತ್ತು. ಬ್ಯಾಡ ಅಂತ ಅತ್ತೆ. ಕೇಳವ್ರು ಯಾರು? ಕೈ ಬಾತು ಎರಡು ದಿನ ಗಂಜಿನೂ ಉಂಡಿಲ್ಲ. ಆಮೇಲೆ ಎಲ್ಲ ಹುಡ್ಗೀರ ಕೈ ಮೇಲೂ ಇತ್ತಲ, ಚಂದ ಅನ್ನಿಸ್ತು." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಶಿವಮೊಗ್ಗದಲ್ಲಿ ಮಗನ ಮನೆಗೆ ಹೋಗಿದ್ದರಂತೆ. ಮೊಮ್ಮಗಳ ಗೆಳತಿಯರು ಬಂದಿದ್ದರು, ಕೈ ನೋಡಿ ಏನೋ ಪಿಸುಗುಟ್ಟಿ ನಕ್ಕರು. ಅವತ್ತಿನಿಂದ ಪೇಟೆಗೆ ಹೋದಾಗೆಲ್ಲ ಸೆರಗು ಮುಂಗೈವರೆಗೆ. "ಚುಚ್ಚುವಾಗ ಅತ್ತಿದ್ದು ಮರ್ತೋಯ್ತು ಮಗಾ. ಆ ಮಕ್ಳು ನಕ್ಕಿದ್ದು ಮರ್ತಿಲ್ಲ."

ಹಚ್ಚೆಯ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಚರ್ಮದ ಮೇಲಿನ ಚಿತ್ರ ಇದ್ದ ಹಾಗೇ ಇರುತ್ತದೆ, ಅದನ್ನು ಓದುವವರು ಬದಲಾಗುತ್ತಾರೆ. ಅಜ್ಜಿಗೆ ಚೇಳು ಬೇಜಾರಾಗಲಿಲ್ಲ. ಚೇಳನ್ನು ಒಡವೆ ಅಂತ ಓದುತ್ತಿದ್ದ ಊರಿನಿಂದ, ಹಳ್ಳಿಗುಗ್ಗು ಅಂತ ಓದುವ ಊರಿಗೆ ಅವರ ಕೈ ಪ್ರಯಾಣ ಮಾಡಿತು, ಅಷ್ಟೆ.

ಓದುವವರು ಸರ್ಕಾರವೇ ಆಗಿದ್ದ ಕಾಲವೂ ಇತ್ತು. ಗ್ರೀಕರು ಗುಲಾಮರಿಗೆ ಚುಚ್ಚುತ್ತಿದ್ದ ಹಚ್ಚೆಯ ಹೆಸರು 'ಸ್ಟಿಗ್ಮಾ'. ಆ ಪದ ಇವತ್ತು ಯಾವ ಅರ್ಥಕ್ಕೆ ಬಂದು ನಿಂತಿದೆ ಅಂತ ನಿಮ್ಮ ಆಫೀಸಿನ ಮೆಂಟಲ್ ಹೆಲ್ತ್ ವೆಬಿನಾರ್‌ನಲ್ಲಿ ಕೇಳಿರುತ್ತೀರಿ. ಈಸ್ಟ್ ಇಂಡಿಯಾ ಕಂಪನಿಯೂ ಅದನ್ನೇ ಮಾಡಿತು. 18ನೇ ಶತಮಾನದ ಕೊನೆಗೆ ಬಂಗಾಳದಲ್ಲಿ, ಆಮೇಲೆ ಮದ್ರಾಸಿನಲ್ಲಿ, ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧ, ಶಿಕ್ಷೆಯ ವಿವರಗಳನ್ನು ಚುಚ್ಚಿಸುತ್ತಿತ್ತು. ಅದಕ್ಕೆ ಗೋದ್ನಾ ಅಂತಲೇ ಹೆಸರು. ಅತ್ತ ಹಳ್ಳಿಯ ಹೆಂಗಸರ ಅಲಂಕಾರದ ಹೆಸರು, ಇತ್ತ ಜೈಲಿನ ಶಿಕ್ಷೆಯ ಹೆಸರು, ಎರಡೂ ಒಂದೇ. 1849ರಲ್ಲಿ ಕಾಯ್ದೆ ಮಾಡಿ ನಿಲ್ಲಿಸಿದರು.

ಆಮೇಲಿನ ಸರದಿ ಹಚ್ಚೆ ಹಾಕುವವರದು. 1871ರಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳು ಅಂತ ಪಟ್ಟಿ ಮಾಡಿತು. ಊರೂರು ತಿರುಗುವ ಕೊರವ, ಕೊರಚ ಗುಂಪುಗಳೂ ಮುಂದೆ ಆ ಪಟ್ಟಿಗೆ ಸೇರಿದವು. 1911ರ ಕಾಯ್ದೆ ಬೆರಳಚ್ಚು ತೆಗೆಸಿಕೊಳ್ಳುವುದನ್ನೂ ಸೇರಿಸಿತು. 1862ರಿಂದ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಸರ್ಕಾರ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರಿಗಾಗಿ ಬೇಲಿ ಹಾಕಿದ ವಸತಿಗಳನ್ನೇ ಮಾಡಿತು. ಹುಬ್ಬಳ್ಳಿಯಲ್ಲಿ ಈಗಲೂ ಸೆಟ್ಲಮೆಂಟ್ ಅನ್ನುವ ಜಾಗ ಇದೆ, ನಮ್ಮೂರ ಬಸ್ಸು ಹತ್ತಲು ಕಾಯುವವರಿಗೆ ಹೆಸರು ಗೊತ್ತಿರುತ್ತದೆ, ಕತೆ ಗೊತ್ತಿರುವುದಿಲ್ಲ. 1952ರಲ್ಲಿ ಕಾಯ್ದೆ ರದ್ದಾಯಿತು. ಊರ ಮಕ್ಕಳ ಕೈಗೆ ಚೇಳು, ತೊಟ್ಟಿಲು ಬರೆಯುತ್ತಿದ್ದವರ ಮೇಲೆ ಸರ್ಕಾರ ಬರೆದ ಬರೆ ಮಾತ್ರ ಕಾಯ್ದೆ ಹೋದ ಮೇಲೂ ಹೋಗಲಿಲ್ಲ. ಊರಿಗೆ ಅಪರಿಚಿತರು ಬಂದರೆ ಇವತ್ತೂ ನಾವು ಮೊದಲು ಬಾಗಿಲ ಚಿಲಕ ನೋಡುತ್ತೇವೆ, ಆಮೇಲೆ ಮುಖ.

ಬೇಡವಾದ ಹಚ್ಚೆ ತೆಗೆಸುವ ಆಸೆಯೂ ಹೊಸದಲ್ಲ. 6ನೇ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ಅದಕ್ಕೊಂದು ಲೇಪ ಬರೆದಿಟ್ಟಿದ್ದ. ಓದಿದರೆ ಹಚ್ಚೆಯೇ ವಾಸಿ ಅನ್ನಿಸುತ್ತದೆ. ಅದು ಯಾಕಷ್ಟು ಹಟಮಾರಿ ಅನ್ನುವುದು ಸರಿಯಾಗಿ ಗೊತ್ತಾಗಿದ್ದು ಮೊನ್ನೆ ಮೊನ್ನೆ. 2018ರಲ್ಲಿ ಫ್ರಾನ್ಸಿನ ಮಾರ್ಸೆ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು: ಶಾಯಿಯನ್ನು ನುಂಗಿಕೊಂಡು ಕೂರುವುದು ಚರ್ಮದ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳು. ಅವು ಸಾಯುತ್ತವೆ, ಶಾಯಿ ಉದುರುತ್ತದೆ, ತಕ್ಷಣ ಹೊಸ ಕಾವಲುಗಾರ ಬಂದು ಅದನ್ನೇ ಎತ್ತಿಕೊಳ್ಳುತ್ತಾನೆ. ಅಂದರೆ ಅಜ್ಜಿಯ ಕೈಯಲ್ಲಿ ಅದೇ ದೀಪದ ಮಸಿ ಕೋಶದಿಂದ ಕೋಶಕ್ಕೆ ಕೈ ಬದಲಾಯಿಸುತ್ತಾ ಎಪ್ಪತ್ತು ವರ್ಷ ಬಂದಿದೆ, ಮನೆತನದ ಪಾತ್ರೆಯ ಹಾಗೆ.

ಲೇಸರ್ ಮಾಡುವುದು ಇಷ್ಟೇ, ಆ ಮಸಿಯ ಕಣಗಳನ್ನು ಒಡೆದು ಪುಡಿ ಮಾಡುತ್ತದೆ. ಪುಡಿಯನ್ನು ದೇಹ ನಿಧಾನವಾಗಿ ಸಾಗಿಸಬೇಕು. ಕಪ್ಪು ಸುಲಭ, ಹಸಿರು ಹಳದಿಗಳು ಕಷ್ಟ. ನಮ್ಮಂಥ ಗೋಧಿ, ಎಣ್ಣೆಗೆಂಪು ಮೈಬಣ್ಣಕ್ಕೆ ಹುಷಾರಾಗಿ ಮಾಡದಿದ್ದರೆ ಬಿಳಿ ಕಲೆ ಉಳಿಯಬಹುದು. ಒಂದು ಸಿಟ್ಟಿಂಗಿನಲ್ಲಿ ಮುಗಿಯುವುದೂ ಇಲ್ಲ, ನಡುವೆ ವಾರಗಟ್ಟಲೆ ಬಿಡಬೇಕು.

ಇವತ್ತಿನ ಹುಡುಗರಿಗೆ ಸ್ವಾದರತ್ತೆ ಇಲ್ಲ, ಕೈ ಹಿಡಿದು ಕೂರಿಸುವವರಿಲ್ಲ, ಆಯ್ಕೆ ಪೂರ್ತಿ ಅವರದೇ. ಇದು ದೊಡ್ಡ ಬದಲಾವಣೆ, ಒಳ್ಳೆಯ ಬದಲಾವಣೆ ಅಂತಲೇ ನಾನು ಹೇಳುತ್ತೇನೆ. ಬೆಂಗಳೂರಿನ ಒಳ್ಳೆಯ ಸ್ಟುಡಿಯೋಗಳು ವಯಸ್ಸಿನ ಪುರಾವೆ ಕೇಳುತ್ತವೆ. ಜಾತ್ರೆಯ ಮಷೀನಿನವನು ಕೇಳುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡ್ಕಿಬೈಲಿನ ಸುತ್ತಲ ಆ ಗದ್ದಲದಲ್ಲಿ ಹದಿನಾರು, ಹದಿನೇಳರ ಹುಡುಗನ ಕೈಗೆ ಹತ್ತು ನಿಮಿಷದಲ್ಲಿ ಒಂದು ಹೆಸರು ಬಂದುಬಿಡುತ್ತದೆ. ಅಜ್ಜಿಯ ಚೇಳು ಊರಿಗೆಲ್ಲ ಅರ್ಥವಾಗುತ್ತಿತ್ತು. ಈ ಹೆಸರು ಅರ್ಥವಾಗುವುದು ಇಬ್ಬರಿಗೆ, ಆರು ತಿಂಗಳಾದ ಮೇಲೆ ಒಬ್ಬನಿಗೆ.

ಮತ್ತೆ ಓದುವವರ ವಿಷಯಕ್ಕೆ ಬಂದರೆ, ಐಟಿ ಕಂಪನಿಯ ಎಚ್ಆರ್ ಈಗ ಹಚ್ಚೆ ನೋಡಿ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ಉದ್ದ ತೋಳು ಹಾಕುವುದು ಅಮ್ಮನಿಗೆ ಹೆದರಿ ಅಷ್ಟೇ. ಆದರೆ ಊರಲ್ಲೇ ಉಳಿದ ನಿಮ್ಮ ಕ್ಲಾಸ್‌ಮೇಟನ್ನು ಓದುವವರು ಬೇರೆ. ಭಾರತೀಯ ಸೇನೆಯ ನೇಮಕಾತಿ ನಿಯಮದಲ್ಲಿ ಹಚ್ಚೆಗೆ ಜಾಗ ಎರಡೇ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ, ಅಂಗೈಯ ಹಿಂಬದಿ. ಬೇರೆಲ್ಲಿದ್ದರೂ ಅಲ್ಲಿಗೇ ಮುಗಿಯಿತು. ಅರೆಸೇನಾ ಪಡೆಗಳದು ಇನ್ನೂ ಬಿಗಿ, ಮುಂಗೈಯ ಒಳಭಾಗ ಅಂದರೂ ಎಡಗೈಯದು ಮಾತ್ರ, ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಬುಡಕಟ್ಟಿನವರ ಪದ್ಧತಿಯ ಹಚ್ಚೆಗೆ ಸೇನೆಯಲ್ಲಿ ವಿನಾಯಿತಿ ಇದೆ, ಆದರೆ ಸರ್ಕಾರದ ಪಟ್ಟಿಯಲ್ಲಿ ಹೆಸರಿರಬೇಕು. ಯಲ್ಲಾಪುರದ ಕಾಡಂಚಿನ ಸಿದ್ದಿಯರು 2003ರಲ್ಲಿ ಆ ಪಟ್ಟಿ ಸೇರಿದರು. ಅದೇ ಕಾಡಿನ ಗೌಳಿಗಳು ಕೇಳುತ್ತಲೇ ಬಂದಿದ್ದಾರೆ.

ಯಲ್ಲಾಪುರದ ಕಡೆಯ ಹುಡುಗನೊಬ್ಬ ನನಗೆ ಗೊತ್ತು. ಹದಿನೇಳಕ್ಕೆ, ಜಾತ್ರೆಯಲ್ಲಿ, ಬಲತೋಳಿನ ಹೊರಮೈಗೆ ಇಂಗ್ಲಿಷಿನಲ್ಲಿ ಐದಕ್ಷರ. ಹುಡುಗಿಗೆ ಮದುವೆಯಾಗಿದೆ, ಅದರ ಬಗ್ಗೆ ಅವನಿಗೆ ಈಗ ದುಃಖವೂ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಓಡುತ್ತಾನೆ, 1600 ಮೀಟರ್ ಸಲೀಸು. ಅಗ್ನಿವೀರ ಆಗಲು ವಯಸ್ಸಿನ ಕಿಟಕಿ ಹದಿನೇಳೂವರೆಗೆ ತೆರೆದು ಇಪ್ಪತ್ತೊಂದರ ಆಸುಪಾಸಿಗೆ ಮುಚ್ಚುತ್ತದೆ. ಅವನಿಗೆ ಹತ್ತೊಂಬತ್ತು ಮುಗಿದಿದೆ. ಹುಬ್ಬಳ್ಳಿಯ ಚರ್ಮದ ಡಾಕ್ಟರು ಏಳೆಂಟು ಸಿಟ್ಟಿಂಗ್ ಬೇಕು, ನಡುವೆ ಎರಡೆರಡು ತಿಂಗಳು ಬಿಡಬೇಕು ಅಂದಿದ್ದಾರೆ. ಮೊದಲನೆಯದಕ್ಕೆ ದುಡ್ಡು ಹೊಂದಿಸಲು ಅವನು ಈ ವರ್ಷ ಅಡಿಕೆ ಕೊಯ್ಲಿಗೆ ಹೋಗುತ್ತಿದ್ದಾನೆ.