ಅಪ್ಪನ ಟ್ರ್ಯಾಕ್ಟರ್‌ಗೆ ವಯಸ್ಸೆಷ್ಟು?

ಟ್ರಿಪ್ಲಿಕೇನ್‌ನ ಮ್ಯಾನ್ಷನ್ ರೂಮಲ್ಲಿ ಕೂತು ಮಾತಾಡ್ತಿದ್ದೀನಿ. ಇಲ್ಲಿಂದ ನಡ್ಕೊಂಡು ಹೋದ್ರೆ ಅಣ್ಣಾ ಸಾಲೈನಲ್ಲಿ ಸಿಂಪ್ಸನ್ ಕಂಪನಿ. ಅದೇ ಅಮಾಲ್ಗಮೇಷನ್ಸ್ ಗುಂಪಿನ ಟಾಫೆ 1960ರಲ್ಲಿ ಚೆನ್ನೈನಲ್ಲಿ ಶುರುವಾಯ್ತು, ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಮಾಡೋಕೆ. ಮಂಡ್ಯದಲ್ಲಿ ನಮ್ಮ ಕೊಟ್ಟಿಗೆಯಲ್ಲಿರೋ ಹಳೇ ಗಾಡಿಯೂ ಅದೇ.

ಅಪ್ಪ "ಇದು ಮೊದಮೊದಲಿನ ಗಾಡಿ ಕಣಪ್ಪ" ಅಂತಾರೆ. ತಮ್ಮ "ಎಂಜಿನ್ ಆಮೇಲಿಂದು, ಗುಜರಿಗೆ ಹಾಕೋಣ" ಅಂತಾನೆ. ಯಾರ ಮಾತು ಸರಿ?

ಮೊದಲು ಹೆಸರು ನೋಡಿ. ಮ್ಯಾಸಿ-ಹ್ಯಾರಿಸ್ ಮತ್ತು ಫರ್ಗ್ಯೂಸನ್ 1953ರಲ್ಲಿ ಒಂದಾದವು. ಹೆಸರಿಂದ 'ಹ್ಯಾರಿಸ್' ಬಿಟ್ಟುಹೋಗಿದ್ದು 1958ರಲ್ಲಿ. ಹಾಗಾಗಿ ನಮ್ಮ ಬ್ಯಾಡ್ಜ್ ಹೇಳೋದು '1958ರ ಈಚೆಗೆ' ಅಂತ ಮಾತ್ರ. ಪರ್ಕಿನ್ಸ್ ಎಂಜಿನ್‌ನ 3.152 ತಾರೀಖಲ್ಲ: 3 ಸಿಲಿಂಡರ್, 152 ಘನ ಇಂಚು, ಸುಮಾರು 2.5 ಲೀಟರ್.

ಇನ್ನು ಎರಕದ ಮೇಲಿನ ತಾರೀಖು. ಅದು ಆ ಭಾಗವನ್ನು ಎರಕ ಹೊಯ್ದ ದಿನ. ಗಾಡಿ ಜೋಡಿಸಿದ್ದು ಅದಾದ ಮೇಲೆ. ಆರ್‌ಸಿ ಬುಕ್‌ಗಿಂತ ಹೊಸ ತಾರೀಖು ಕಂಡ್ರೆ, ಆ ಭಾಗ ಬದಲಾಗಿದೆ ಅಂತ ಅರ್ಥ. ಒಂದು ಫೈಲ್‌ನ ತಾರೀಖು ನೋಡಿ ಇಡೀ ಸಾಫ್ಟ್‌ವೇರ್ ಯಾವಾಗಿನದು ಅಂತ ಹೇಳ್ತೀವಾ?

ಕಳೆದ ಸಲ ಊರಿಗೆ ಹೋದಾಗ ಗ್ರೀಸ್ ಒರೆಸಿ ನೋಡಿದೆ. ಗೇರ್‌ಬಾಕ್ಸ್ ಹಳೇದು, ಎಂಜಿನ್ ಬ್ಲಾಕ್ ಹೊಸದು. ಇಬ್ಬರದೂ ಸರಿ! ಉತ್ತು ಉತ್ತು ಎಂಜಿನ್ ಸವೆದಿದೆ, ತಾತ ಬದಲಾಯಿಸಿದ್ದಾರೆ, ಅಷ್ಟೇ. ತಮ್ಮ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದ.

ನಿಮ್ಮೂರಿನ ಗಾಡಿಯನ್ನೂ ಒಮ್ಮೆ ಒರೆಸಿ ನೋಡಿ. ಸಿಗೋಣ.