ಯಾರ ದನಿ ಮುಂದೆ, ಯಾರ ದನಿ ಹಿಂದೆ

ಚಿಕ್ಕ ಆಡಿಯೋ ಮಿಕ್ಸರ್ ಅಂದರೆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಕೂರುವಷ್ಟು ಡಬ್ಬಿ. ಒಂದು ಕಡೆಯಿಂದ ಮೈಕ್‌ಗಳು ಒಳಗೆ ಹೋಗುತ್ತವೆ, ಎಲ್ಲಾ ದನಿಗಳೂ ಕೂಡಿ ಇನ್ನೊಂದು ಕಡೆಯಿಂದ ಕಂಪ್ಯೂಟರಿಗೆ ಹೊರಡುತ್ತವೆ. ನಡುವೆ ಮೂವತ್ತು ನಲವತ್ತು ನಾಬ್‌ಗಳು. ಪಾಡ್‌ಕಾಸ್ಟ್ ಶುರು ಮಾಡಿದ ಗೆಳೆಯರ ಮನೆಯಲ್ಲಿ ನೀವೂ ನೋಡಿರುತ್ತೀರಿ. ಮೊದಲ ಸಲ ನೋಡಿದರೆ ತಲೆ ತಿರುಗುತ್ತೆ. ನನಗೆ ಮಾತ್ರ ಅದು ಹಳೇ ಊರಿನ ನಕ್ಷೆಯ ಥರ ಕಾಣುತ್ತದೆ: ಒಂದೊಂದು ಓಣಿಯನ್ನೂ ಒಂದೊಂದು ಕಾಲದವರು ಕಟ್ಟಿದ್ದಾರೆ.

ಕೀಬೋರ್ಡು, ಗಿಟಾರು ಸಿಕ್ಕಿಸುವ ದುಂಡನೆಯ ಕಾಲಿಂಚಿನ ಜಾಕ್ ನೋಡಿ. ಅದು ಸಂಗೀತಕ್ಕಾಗಿ ಹುಟ್ಟಿದ್ದೇ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರುಗಳು ಒಬ್ಬರ ಲೈನನ್ನು ಇನ್ನೊಬ್ಬರಿಗೆ ಜೋಡಿಸಲು ಬಳಸುತ್ತಿದ್ದ ಪಿನ್ನು ಅದು. ಹಸಿರು, ಹಳದಿ, ಕೆಂಪು ದೀಪಗಳ ಸಾಲು, 1939ರಲ್ಲಿ ಅಮೆರಿಕದ ರೇಡಿಯೋ ಕಂಪನಿಗಳು ಬೆಲ್ ಲ್ಯಾಬ್ಸ್ ಜೊತೆ ಸೇರಿ ಒಪ್ಪಿಕೊಂಡ ವಿಯು ಮೀಟರಿನ ಮೊಮ್ಮಗ. ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್ ನಾಬ್‌ನ ಹಿರೀಕ 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ' ಸಿನಿಮಾಕ್ಕೆ ದುಡಿದ. ಬೇಸ್ ಮತ್ತು ಟ್ರೆಬಲ್ ಏರಿಸಿ ಇಳಿಸುವ ಸರ್ಕ್ಯೂಟನ್ನು ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲಿಷ್ ಎಂಜಿನಿಯರ್ 1952ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಯಾರು ಬೇಕಾದರೂ ಮಾಡಿಕೊಳ್ಳಿ ಅಂತ. ಇನ್ನು '48 ವೋಲ್ಟ್' ಎಂಬ ಬಟನ್. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆ ರೇಡಿಯೋಕ್ಕೆ ಮೈಕ್ ಮಾಡಿಕೊಟ್ಟಾಗ, ಆ ಕಟ್ಟಡದಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟ್ ಲೈನ್ ಮೊದಲೇ ಇತ್ತು. ಮೈಕಿಗೂ ಅದೇ ಇರಲಿ ಎಂದರು. ಕರೆಂಟು ಹೋದಾಗ ಉರಿಯುವ ದೀಪದ ಅಳತೆ ಇವತ್ತು ಇಡೀ ಜಗತ್ತಿನ ಮೈಕಿನ ಅಳತೆ.

ಇವರಲ್ಲಿ ಒಬ್ಬರೂ ಪಾರಿಜಾತ ನೋಡಿದವರಲ್ಲ. ನನ್ನ ಕೆಲಸ ಇರುವುದೇ ಅಲ್ಲಿ. ಕೆಲವು ವರ್ಷಗಳಿಂದ ರಜೆ ಸಿಕ್ಕಾಗೆಲ್ಲ ಘಟಪ್ರಭಾ ದಂಡೆಯ ಊರುಗಳಿಗೆ ಹೋಗಿ ಶ್ರೀಕೃಷ್ಣ ಪಾರಿಜಾತದ ಮೇಳಗಳನ್ನು ರೆಕಾರ್ಡ್ ಮಾಡುತ್ತೇನೆ.

ಈ ಆಟದ ಮೂಲ ಬರೆದವನು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ ರಂಗಕ್ಕೆ ತಂದವನು ಕುಲಗೋಡ ತಮ್ಮಣ್ಣ ಎನ್ನುತ್ತಾರೆ. ಸತ್ಯಭಾಮೆಯ ಪಾತ್ರದಿಂದ ಮನೆಮಾತಾದವಳು ಕೌಜಲಗಿ ನಿಂಗಮ್ಮ. ಕುಲಗೋಡ, ಕೌಜಲಗಿ ಎರಡೂ ಹಳೆಯ ಗೋಕಾಕ ತಾಲೂಕಿನ ಊರುಗಳು. ಹೊಳೆಯ ಮೇಲ್ದಂಡೆಗೆ ಹುಕ್ಕೇರಿ ಸೀಮೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಭಾಗದ ಆಟಗಳನ್ನು ಓದಿನ ಲೋಕಕ್ಕೆ ಪರಿಚಯಿಸಿದರು. ಅಂದರೆ ಪಾರಿಜಾತದ ಪಠ್ಯ ಇದೆ, ಅದರ ಮೇಲೆ ಬರಹ ಇದೆ. ಆದರೆ ಅದು ಕಿವಿಗೆ ಹೇಗಿತ್ತು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಯಂತ್ರ. ಯಂತ್ರ ಯಾವತ್ತೂ ಎಲ್ಲರ ಮಾತನ್ನೂ ಸಮನಾಗಿ ಕೇಳಿಸಿಕೊಂಡಿಲ್ಲ.

1902ರಲ್ಲಿ ಫ್ರೆಡ್ ಗೈಸ್ಬರ್ಗ್ ಗ್ರಾಮೊಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿದಾಗ ಮೈಕೂ ಇರಲಿಲ್ಲ, ಕರೆಂಟಿನ ಮಾತೂ ಇರಲಿಲ್ಲ. ಇದ್ದದ್ದು ಒಂದು ದೊಡ್ಡ ಕಹಳೆ, ಅದರ ತುದಿಗೆ ಸೂಜಿ, ಸೂಜಿಯ ಕೆಳಗೆ ಮೇಣ. ಹಾಡುವವರು ಕಹಳೆಯೊಳಗೆ ಬಾಯಿಟ್ಟು ಕೂಗಬೇಕು. ಮಿಕ್ಸಿಂಗ್ ಅನ್ನುವುದು ಆಗಲೂ ಇತ್ತು, ಕಾಲಲ್ಲಿ. ಕಹಳೆಗೆ ಯಾರು ಎಷ್ಟು ಹತ್ತಿರ ನಿಲ್ಲುತ್ತಾರೆ ಎಂಬುದೇ ಫೇಡರ್. ಹಾಡುವವರನ್ನು ಏರುದನಿಯಲ್ಲಿ ಹಿಂದಕ್ಕೆ ಎಳೆಯುವುದು, ಮೆಲುದನಿಯಲ್ಲಿ ಮುಂದಕ್ಕೆ ತಳ್ಳುವುದು ಕಂಪನಿಯವರ ಕೆಲಸ. ತಂಬೂರಿಯಂಥ ಮೆತ್ತಗಿನ ವಾದ್ಯ ಸೂಜಿಯನ್ನು ಅಲುಗಿಸುವುದೇ ಕಷ್ಟವಾಗಿತ್ತು. ಇಡೀ ಹಾಡು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ರಾತ್ರಿಯಿಡೀ ನಡೆಯುವ ಆಟಕ್ಕೆ ಆ ಮೇಣದಲ್ಲಿ ಜಾಗವೇ ಇರಲಿಲ್ಲ.

ಘಟಪ್ರಭಾ ಸ್ಟೇಷನ್ನಿನಿಂದ ರೈಲು ಹತ್ತಿದರೆ ಮಿರಜ್ ಹೆಚ್ಚು ದೂರವಿಲ್ಲ. ಅಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಎರಡೂ ಕಾಲ ಕಂಡವರು. 20ನೇ ಶತಮಾನದ ಆರಂಭದಲ್ಲಿ ಕಹಳೆಗೆ ಹಾಡಿದರು. 1925ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದು, ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಕಾಲಿಟ್ಟ ಮೇಲೆ, 1930ರ ದಶಕದಲ್ಲಿ ಮೈಕಿಗೆ ಹಾಡಿದರು. ಎರಡನ್ನೂ ಹೆಡ್‌ಫೋನ್ ಹಾಕಿ ಒಂದರ ಹಿಂದೊಂದು ಕೇಳಿ ನೋಡಿ. ಹಳೆಯದರಲ್ಲಿ ಮನುಷ್ಯ ದೂರದ ಬಾವಿಯಿಂದ ಕರೆಯುತ್ತಿದ್ದಾನೆ. ಹೊಸತರಲ್ಲಿ ಪಕ್ಕದಲ್ಲೇ ಕೂತು ಹಾಡುತ್ತಿದ್ದಾನೆ. ಕೂಗಬೇಕಿಲ್ಲ ಎಂದಾದ ದಿನ ಸಣ್ಣ ದನಿಗೂ ದಾರಿ ಆಯಿತು.

ಒಂದಕ್ಕಿಂತ ಹೆಚ್ಚು ಮೈಕ್ ಬಂದರೆ ಅವನ್ನು ಕೂಡಿಸಲು ಪೆಟ್ಟಿಗೆ ಬೇಕು. ಹಾಗೆ ರೇಡಿಯೋ ಸ್ಟೇಷನ್ನುಗಳಲ್ಲಿ ಮಿಕ್ಸರ್ ಬೆಳೆಯಿತು. ನಮ್ಮ ಭಾಗಕ್ಕೆ ಅಂಥ ಸ್ಟುಡಿಯೋ ಹತ್ತಿರವಾದದ್ದು 1950ರಲ್ಲಿ, ಧಾರವಾಡದಲ್ಲಿ ಆಕಾಶವಾಣಿ ಶುರುವಾದಾಗ. ಆದರೆ ಅಲ್ಲಿಗೆ ಕಲಾವಿದರೇ ಹೋಗಬೇಕು, ರೇಡಿಯೋದ ಗಡಿಯಾರಕ್ಕೆ ತಕ್ಕಂತೆ ಹಾಡಬೇಕು. ಯಂತ್ರವೇ ಗುಡಿಯ ಕಟ್ಟೆಯ ಹತ್ತಿರ ಬಂದು ಕೂರುವುದಕ್ಕೆ ಇನ್ನೂ ಹಲವು ದಶಕ ಬೇಕಾಯಿತು. ಈ ಚಿಕ್ಕ ಡಬ್ಬಿಯ ದೊಡ್ಡತನ ಅಷ್ಟೇ: ಅದು ಬಸ್ಸಿನಲ್ಲಿ ಬರುತ್ತೆ.

ಈಗ ಒಂದು ಮುಖ್ಯ ಮಾತು. 1957ರಲ್ಲೇ ಆಂಪೆಕ್ಸ್ ಕಂಪನಿ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಕೊಟ್ಟಿತ್ತು. ಪ್ರತಿ ದನಿಯನ್ನೂ ಬೇರೆ ಬೇರೆ ಹಿಡಿದಿಟ್ಟು, ಯಾರು ಮುಂದೆ ಯಾರು ಹಿಂದೆ ಎಂದು ಆಮೇಲೆ ನಿಧಾನವಾಗಿ ತೀರ್ಮಾನಿಸುವ ಸೌಕರ್ಯ ಅದು. ನಾವು ಕೊಳ್ಳುವ ಅಗ್ಗದ ಯುಎಸ್‌ಬಿ ಮಿಕ್ಸರುಗಳಲ್ಲಿ ಬಹುಪಾಲು ಆ ಸೌಕರ್ಯ ಇಲ್ಲ. ಮೈಕ್ ನಾಲ್ಕಿರಲಿ, ಆರಿರಲಿ, ಕಂಪ್ಯೂಟರಿಗೆ ಹೋಗುವುದು ಎರಡೇ ಟ್ರ್ಯಾಕ್, ಎಡ ಮತ್ತು ಬಲ. ಎಲ್ಲಾ ಕಲೆಸಿಯೇ ಹೋಗುತ್ತದೆ. ಸಾರಿಗೆ ಬಿದ್ದ ಉಪ್ಪನ್ನು ವಾಪಸ್ ತೆಗೆಯಲಾಗದ ಹಾಗೆ, ಆ ರಾತ್ರಿ ತಬಲಾ ಜಾಸ್ತಿ ಇಟ್ಟರೆ ಅದು ಶಾಶ್ವತವಾಗಿ ಜಾಸ್ತಿ. ನೂರು ವರ್ಷ ದಾಟಿ ಬಂದರೂ, ಈ ವಿಷಯದಲ್ಲಿ ನಾವು ಗೈಸ್ಬರ್ಗನ ಕಹಳೆಯ ಮುಂದೆಯೇ ನಿಂತಿದ್ದೇವೆ. ತೀರ್ಮಾನ ಮೊದಲೇ ಆಗಬೇಕು.

ಹಾಗಾದರೆ ಏನು ತೀರ್ಮಾನ? ಪಾರಿಜಾತದಲ್ಲಿ ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಜನ ನೋಡಲು ಬರುವುದು ಭಾಮೆಯನ್ನ. ಆದರೆ ಅವಳನ್ನು ಮಾತಾಡಿಸುವವನು ಭಾಗವತ. ಅವನೇ ದೂತಿಯೂ ಆಗಿ ಅವಳನ್ನು ಕೆಣಕುತ್ತಾನೆ, ಪ್ರಶ್ನೆ ಹಾಕುತ್ತಾನೆ. ಅವಳು ಹಾಡಿನ ಸಾಲು ಬಿಟ್ಟ ಕಡೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಪೇಟಿ, ತಬಲಾ, ತಾಳ ಜೊತೆಗಿರುತ್ತವೆ. (ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ.) ಜಾತ್ರೆಯ ಭೋಂಗಾಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಮೈಕ್, ಅವು ಪಾತ್ರಧಾರಿಯ ಮುಂದೆ. ಫೋನಿನಲ್ಲಿ ಹಿಡಿದ ವಿಡಿಯೋಗಳಲ್ಲಿ ಕೇಳಿಸುವುದೂ ಅದೇ ಭೋಂಗಾ. ಹಾಗೆ ಕೇಳಿದರೆ ಭಾಮೆ ಗಾಳಿಗೆ ಉತ್ತರ ಕೊಡುತ್ತಿರುವ ಹಾಗಿರುತ್ತದೆ, ಪ್ರಶ್ನೆಯೇ ಕೇಳಿಸುವುದಿಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದವರು ಮೂಡಲಗಿ ಕಡೆಯ ಒಬ್ಬ ಹಿರಿಯ ಪೇಟಿ ಮಾಸ್ತರರು. ವೈರ್ ಹಾಸುತ್ತಿದ್ದ ನನ್ನನ್ನು ನೋಡುತ್ತಾ ಎಲಿ ಅಡಿಕಿ ಹಾಕಿಕೊಂಡು ಅಂದರು: "ತಮ್ಮಾ, ಹಾಡವ್ರ ದನಿ ಎಲ್ಲಾರೂ ಇಟ್ಕೊಂಡಾರ. ಸೊಲ್ಲು ಹಿಡಿಯವ್ರ ದನಿ ಯಾರ ಹಂತ್ಯಾಕೂ ಇಲ್ಲ ನೋಡು." "ಹಂಗಾರ ಒಂದು ಮೈಕ್ ಅವ್ರಿಗೇ ಇಡೂಣೇನ್ರೀ ಮಾಸ್ತರ್ರ?" ಅಂದೆ. "ಇಡ್ಲಿಕ್ಕ ಬೇಕ. ಇಲ್ಲಾಂದ್ರ ಆಟ ಅರ್ಧಾನ ಆತು" ಅಂದರು.

ಅಲ್ಲಿಂದ ನನ್ನ ಲೆಕ್ಕ ಹೀಗಿದೆ. ನಾಲ್ಕು ಮೈಕಿನ ಡಬ್ಬಿ. ಮೊದಲನೆಯದು ಪಾತ್ರಧಾರಿಗೆ, ಎರಡನೆಯದು ಭಾಗವತನಿಗೆ, ಮೂರನೆಯದು ಸೊಲ್ಲು ಹಿಡಿಯುವವರ ನಡುವೆ, ನಾಲ್ಕನೆಯದು ಪೇಟಿ ಮತ್ತು ತಬಲಾಕ್ಕೆ ಸೇರಿ. ತಾಳಕ್ಕೆ ಮೈಕ್ ಬೇಡವೇ ಬೇಡ. ಕಂಚಿನ ಸದ್ದು ಹೇಗೂ ಎಲ್ಲಾ ಮೈಕಿನೊಳಗೂ ನುಗ್ಗುತ್ತದೆ. ಒಂದು ಮೈಕಿಗೂ ಹಾಡುವ ಬಾಯಿಗೂ ಎಷ್ಟು ದೂರವೋ, ಅದರ ಕನಿಷ್ಠ ಮೂರು ಪಟ್ಟು ದೂರದಲ್ಲಿ ಇನ್ನೊಂದು ಮೈಕ್ ಇಡುತ್ತೇನೆ. ಇಲ್ಲದಿದ್ದರೆ ಒಂದೇ ದನಿ ಎರಡು ಕಡೆಯಿಂದ ಸ್ವಲ್ಪ ಹಿಂದುಮುಂದಾಗಿ ಬಂದು ಡಬ್ಬದೊಳಗಿಂದ ಮಾತಾಡಿದಂತೆ ಕೇಳುತ್ತದೆ. ಮೈಕುಗಳ ಬೆನ್ನು ಭೋಂಗಾದ ಕಡೆಗಿರಬೇಕು.

ಆನ್ ಮಾಡುವ ಮುಂಚೆ ಎಲ್ಲಾ ಫೇಡರ್ ಕೆಳಗೆ. ಕಂಡೆನ್ಸರ್ ಮೈಕ್ ಇದ್ದರೆ ಮಾತ್ರ 48 ವೋಲ್ಟ್. ಗಾಳಿಯ ಗುಡುಗುಡು, ಜನರೇಟರಿನ ಗುಂಯ್ ತಗ್ಗಿಸಲು ಹಾಡಿನ ಮೈಕುಗಳಿಗೆ ಲೋ–ಕಟ್ ಬಟನ್ ಒತ್ತುತ್ತೇನೆ. ಆಮೇಲೆ ಒಬ್ಬೊಬ್ಬರನ್ನೇ ಕೇಳುವುದು: "ರಾತ್ರಿ ಎಷ್ಟು ಜೋರ ಹಾಡ್ತೀರಿ, ಅಷ್ಟ ಜೋರ ಒಂದು ನುಡಿ ಹಾಡ್ರಿ." ಆ ಜೋರಿಗೆ ಗೇನ್ ಏರಿಸುತ್ತಾ ಹೋಗಿ, ಹಳದಿ ಆಗೊಮ್ಮೆ ಈಗೊಮ್ಮೆ ಮಿನುಗಿದಲ್ಲಿ ನಿಲ್ಲಿಸುವುದು. ಕೆಂಪು ಬರಕೂಡದು. ಕಂಪ್ಯೂಟರಿನ ಮೀಟರಿನಲ್ಲಿ ಅತಿ ಜೋರು ಮೈನಸ್ 12ರಿಂದ ಮೈನಸ್ 6ರ ನಡುವೆ ಬಿದ್ದರೆ ಸಾಕು. ನಡುರಾತ್ರಿ ಭಾಮೆಗೆ ನಿಜಕ್ಕೂ ಸಿಟ್ಟು ಬಂದರೆ ಏರಲು ಜಾಗ ಬೇಕಲ್ಲ! ಪಾತ್ರಧಾರಿಯನ್ನು ನಡುವೆ ಇಟ್ಟು, ಭಾಗವತನನ್ನು ಸ್ವಲ್ಪ ಎಡಕ್ಕೆ, ಸೊಲ್ಲಿನವರನ್ನು ಸ್ವಲ್ಪ ಬಲಕ್ಕೆ ಪ್ಯಾನ್ ಮಾಡಿದರೆ ಹೆಡ್‌ಫೋನಿನಲ್ಲಿ ಅಟ್ಟದ ಮೇಲಿನ ಜಾಗ ಕಣ್ಣಿಗೆ ಕಟ್ಟುತ್ತದೆ. ಬೇಸ್, ಟ್ರೆಬಲ್ ಮುಟ್ಟುವುದಿಲ್ಲ. ಬ್ಯಾಕ್ಸಂಡಾಲನಿಗೆ ನಮಸ್ಕಾರ ಹೇಳಿ, ನಾಬ್‌ಗಳನ್ನು ನಡುವಿಗೇ ಬಿಡುತ್ತೇನೆ. ಆ ಗಂಟಲನ್ನು ಚಂದ ಮಾಡುವುದು ನನ್ನ ಕೆಲಸ ಅಲ್ಲ.

ಉಳಿದದ್ದು ಫೇಡರ್. ಅಲ್ಲಿ ನನಗೆ ಒಂದೇ ನಿಯಮ: ಭಾಗವತನ ಪ್ರಶ್ನೆ ಭಾಮೆಯ ಉತ್ತರದಷ್ಟೇ ಸ್ಪಷ್ಟವಾಗಿರಬೇಕು, ಸೊಲ್ಲು ಅದರ ಬೆನ್ನಿಗೇ ಬರಬೇಕು. ಸ್ಟುಡಿಯೋದಲ್ಲಿ ಕಲಿತ ಗೆಳೆಯರು ಕೇಳಿ, "ಲೀಡ್ ವೋಕಲ್ ಕಮ್ಮಿ ಆಯ್ತು ಮಾರಾಯಾ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಸರಿ. ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಒಬ್ಬರು ಮುಂದೆ, ಉಳಿದವರು ಹಿಂದೆ ಎಂಬುದು ಪ್ರಕೃತಿ ನಿಯಮದಂತೆ ಕಾಣುತ್ತದೆ. ಆದರೆ ಅದೂ ಒಂದು ಕಾಲದಲ್ಲಿ ಯಾರೋ ಕಹಳೆಯ ಹತ್ತಿರ ಯಾರನ್ನೋ ನಿಲ್ಲಿಸಿದ್ದರ ಮುಂದುವರಿಕೆ. ಮೇಳದೊಳಗೆ ಅಂಥ ಯಜಮಾನಿಕೆ ಇಲ್ಲ. ಅಲ್ಲಿ ಆಟ ನಡೆಯುವುದು ಕೊಟ್ಟು ತೆಗೆದುಕೊಳ್ಳುವುದರಲ್ಲಿ.

ಗೌಹರ್ ಜಾನ್ ತಮ್ಮ ಹಾಡಿನ ಕೊನೆಗೆ, ಇಂಗ್ಲಿಷಿನಲ್ಲಿ, ತಮ್ಮ ಹೆಸರು ಹೇಳುತ್ತಿದ್ದರು. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕು. ಅಲ್ಲಿನವರಿಗೆ ಯಾವುದು ಯಾರ ಹಾಡು ಎಂದು ಗೊತ್ತಾಗಲಿ ಎಂಬ ವ್ಯವಸ್ಥೆ. ಕಂಪನಿಯ ಅನುಕೂಲಕ್ಕೆ ಹುಟ್ಟಿದ ಆ ರೂಢಿಯನ್ನು ನಾನು ಬೇರೆ ಕಾರಣಕ್ಕೆ ಸಾಲ ತಂದಿದ್ದೇನೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಮಿಕ್ಸರ್ ಆಫ್ ಮಾಡುವ ಮುಂಚೆ ಮೂರನೇ ಮೈಕಿನ ಫೇಡರ್ ಒಂದನ್ನೇ ಮೇಲೆ ಬಿಡುತ್ತೇನೆ. ಸೊಲ್ಲು ಹಿಡಿದವರು, ತಾಳದವರು, ತಬಲಾದವರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು, ಊರು ಹೇಳುತ್ತಾರೆ. ಕೆಲವರು ನಾಚಿಕೊಳ್ಳುತ್ತಾರೆ, ಕೆಲವರು ತಂದೆಯ ಹೆಸರನ್ನೂ ಸೇರಿಸುತ್ತಾರೆ, ಕಲಿಸಿದ ಗುರುವಿನದನ್ನೂ. ಆ ಎರಡು ನಿಮಿಷಕ್ಕೆ ಯಾವ ಎಡಿಟಿಂಗೂ ಮಾಡುವುದಿಲ್ಲ.