ಅಚ್ಚಾಗದೆ ಉಳಿದ ನೂರಾಮೂರು ಚಿತ್ರಗಳು

ಬೆಂಗಳೂರಿನಲ್ಲಿ ಕಾಮಿಕ್ಸ್ ಪ್ರಿಯರ ಮೇಳ ನಡೆದಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಆರ್ಟ್ ಬುಕ್ಕುಗಳ ಮೇಜಿನ ಮುಂದೆ. ಕೊಳ್ಳುವುದು ಅಪರೂಪ, ತಿರುವಿ, ಬೆಲೆ ನೋಡಿ, ಮೆಲ್ಲಗೆ ಕೆಳಗಿಡುವುದೇ ಹೆಚ್ಚು. ಒಂದು ಸಿನಿಮಾವೋ, ವಿಡಿಯೊ ಗೇಮೋ, ಮಾಂಗಾ ಸರಣಿಯೋ ಜನಪ್ರಿಯವಾದ ಮೇಲೆ ಅದರ ಕಥೆಯನ್ನು ಪಕ್ಕಕ್ಕಿಟ್ಟು, ಚಿತ್ರಗಳನ್ನಷ್ಟೇ ದಪ್ಪ ಕಾಗದದ ಮೇಲೆ ಅಚ್ಚು ಹಾಕಿ ಅಭಿಮಾನಿಗಳಿಗೆ ಮಾರುವ ಪುಸ್ತಕಗಳಿವು. ಕಳೆದ ಸಲ ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ಬಣ್ಣದ ಪುಟಗಳನ್ನೆಲ್ಲ ಸರಸರನೆ ದಾಟಿ ಪೆನ್ಸಿಲ್ ಕರಡುಗಳ ಪುಟಕ್ಕೆ ಬಂದು ನಿಂತ. ಒಂದೇ ಮುಖವನ್ನು ಏಳೆಂಟು ಬಗೆಯಲ್ಲಿ ಬಿಡಿಸಿ ಕೈಬಿಟ್ಟ ಪುಟ ಅದು. ‘ಇಲ್ನೋಡು, ಒರಿಜಿನಲ್ಲು’ ಎಂದು ಗೆಳತಿಗೆ ತೋರಿಸಿದ.

ಅವನ ಕೈಯಲ್ಲಿದ್ದದ್ದು ಸಾವಿರಾರು ಪ್ರತಿಗಳಲ್ಲಿ ಒಂದು. ಆದರೂ ಅವನು ಹೇಳಿದ್ದು ಏನೆಂದು ಗೆಳತಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು. ಅಭಿಮಾನಿಗೆ ಬೇಕಿರುವುದು ಕಲಾವಿದನ ಕೈ ಓಡಿದ ಗುರುತು. ಈ ಆಸೆಯನ್ನು ಚೆನ್ನಾಗಿ ಅರಿತ ಅಮೆರಿಕದ ಐಡಿಡಬ್ಲ್ಯು ಪ್ರಕಾಶನ 2010ರಲ್ಲಿ ‘ಆರ್ಟಿಸ್ಟ್ಸ್ ಎಡಿಷನ್’ ಎಂಬ ಮಾಲೆ ಆರಂಭಿಸಿತು. ಡೇವ್ ಸ್ಟೀವನ್ಸ್‌ನ ‘ದಿ ರಾಕೆಟಿಯರ್’ ಅದರ ಮೊದಲ ಪುಸ್ತಕ. ಕಪ್ಪು ಶಾಯಿಯಲ್ಲಿ ಬರೆದ ಮೂಲ ಪುಟಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಮೂಲದಷ್ಟೇ ದೊಡ್ಡ ಅಳತೆಯಲ್ಲಿ ಅಚ್ಚು ಹಾಕುವುದು ಇದರ ಕ್ರಮ. ತಪ್ಪು ಗೆರೆಯ ಮೇಲೆ ಬಳಿದ ಬಿಳಿ ಬಣ್ಣ, ಅಳಿಸದೆ ಉಳಿದ ನೀಲಿ ಪೆನ್ಸಿಲು, ಕಾಗದದ ಕಲೆ, ಎಲ್ಲವೂ ಕಾಣುತ್ತದೆ. ಕಥೆ ಓದಲು ಅಗ್ಗದ ಕಾಮಿಕ್ಸು ಸಾಕು. ಈ ಪುಸ್ತಕಕ್ಕೆ ಹತ್ತಿಪ್ಪತ್ತು ಪಟ್ಟು ಹಣ ಕೊಡುವವರು ಕೊಡುವುದು ಆ ಕಲೆಗಳಿಗಾಗಿ.

ನನ್ನ ಸಂಶೋಧನೆ ಮುದ್ರಿತ ಚಿತ್ರಗಳ ಚರಿತ್ರೆಗೆ ಸಂಬಂಧಿಸಿದ್ದು. ಹಾಗಾಗಿ ಹುಡುಗನ ‘ಒರಿಜಿನಲ್ಲು’ ಎಂಬ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ಅಭಿಮಾನಿಗಳಿಗೆಂದೇ ಮಾಡಿದ ಚಿತ್ರಪುಸ್ತಕಗಳ ಜಾಡು ಹಿಡಿದು ಹಿಂದೆ ಹೋದರೆ ಹದಿನೆಂಟನೆಯ ಶತಮಾನದ ಜಪಾನ್ ಸಿಗುತ್ತದೆ. ಅಲ್ಲಿ ಪುಸ್ತಕ ಹುಟ್ಟಬೇಕಾದರೆ ಮೂಲ ಚಿತ್ರ ಸಾಯಬೇಕಿತ್ತು.

ಇಂದು ಟೋಕಿಯೊ ಎಂದು ಕರೆಯುವ ಎಡೊ ನಗರದಲ್ಲಿ ಆಗ ಕಬುಕಿ ನಾಟಕದ ಹುಚ್ಚು. ನಟರೇ ತಾರೆಯರು. ಅವರ ಚಿತ್ರಗಳು ಮರದಚ್ಚಿನಲ್ಲಿ ಮೊದಲಿನಿಂದಲೂ ಮಾರಾಟವಾಗುತ್ತಿದ್ದವು; ಆದರೆ ಎಲ್ಲ ನಟರ ಮುಖವೂ ಹೆಚ್ಚುಕಡಿಮೆ ಒಂದೇ ಅಚ್ಚು, ಯಾರು ಯಾರೆಂದು ತಿಳಿಯಲು ಉಡುಪಿನ ಮೇಲಿನ ಮನೆತನದ ಲಾಂಛನ ನೋಡಬೇಕಿತ್ತು. 1770ರಲ್ಲಿ ಕತ್ಸುಕಾವಾ ಶುನ್‌ಶೋ ಮತ್ತು ಇಪ್ಪಿತ್ಸುಸಾಯಿ ಬುಂಚೊ ಎಂಬ ಇಬ್ಬರು ಕಲಾವಿದರು ಸೇರಿ ‘ಎಹೊನ್ ಬುತಾಯಿ ಓಗಿ’ ಎಂಬ ಮೂರು ಸಂಪುಟಗಳ ಪುಸ್ತಕ ತಂದರು. ಹೆಸರಿನ ಅರ್ಥ ರಂಗದ ಬೀಸಣಿಗೆಗಳ ಚಿತ್ರಪುಸ್ತಕ. ಪ್ರತಿ ಪುಟದಲ್ಲೂ ಬೀಸಣಿಗೆಯಾಕಾರದ ಚೌಕಟ್ಟು, ಅದರೊಳಗೆ ಒಬ್ಬ ನಟ. ಆದರೆ ಈ ಸಲ ಆ ನಟನದೇ ಮೂಗು, ಆ ನಟನದೇ ಗಲ್ಲ. ಕಥೆಯಿಲ್ಲ, ಸಂಭಾಷಣೆಯಿಲ್ಲ, ಮೆಚ್ಚಿನವರ ಮುಖಗಳಷ್ಟೇ. ಇಂದಿನ ಆರ್ಟ್ ಬುಕ್ಕಿನ ಮುತ್ತಜ್ಜಿ ಎಂದು ಇದನ್ನು ಕರೆಯಲು ನನಗೆ ಹಿಂಜರಿಕೆಯಿಲ್ಲ.

ಈ ಶುನ್‌ಶೋನ ಬಳಿಗೆ ಒಂಬತ್ತು ವರ್ಷದ ಆಸುಪಾಸಿನಲ್ಲಿ ಹತ್ತೊಂಬತ್ತರ ಹರೆಯದ ಶಿಷ್ಯನೊಬ್ಬ ಬಂದು ಸೇರಿದ. ಗುರು ಅವನಿಗೆ ಶುನ್‌ರೊ ಎಂದು ಹೆಸರಿಟ್ಟ. ಜೀವನದುದ್ದಕ್ಕೂ ಹೆಸರು ಬದಲಿಸುತ್ತಲೇ ಹೋದ ಈ ಮನುಷ್ಯನನ್ನು ಜಗತ್ತು ಗುರುತಿಸುವುದು ಹೊಕುಸಾಯಿ ಎಂದು. ಅವನ ದೊಡ್ಡ ಅಲೆಯ ಚಿತ್ರ ಟೀ ಶರ್ಟು, ಮೊಬೈಲ್ ಕವರುಗಳ ಮೇಲೆಲ್ಲ ಬಂದಿರುವುದರಿಂದ ಪರಿಚಯ ಬೇಕಿಲ್ಲ. ಅಲೆ ಬಂದದ್ದು ಅವನಿಗೆ ಎಪ್ಪತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಅವನಿಗೆ ಅನ್ನ ಕೊಟ್ಟದ್ದು ಪುಸ್ತಕಗಳು. ಬಾಕಿನ್‌ನ ಸಾಹಸ ಕಾದಂಬರಿಗಳಿಗೆ ಚಿತ್ರ ಬರೆದ. ಅಂಥ ಪುಸ್ತಕಗಳನ್ನು ಜನ ಕೊಳ್ಳುವುದಕ್ಕಿಂತ ಬಾಡಿಗೆಗೆ ತಂದು ಓದುವುದೇ ಹೆಚ್ಚಿತ್ತು. 1808ರ ಲೆಕ್ಕದಂತೆ ಎಡೊ ಒಂದರಲ್ಲೇ ಪುಸ್ತಕ ಬಾಡಿಗೆ ಕೊಡುವವರು ಆರುನೂರಕ್ಕೂ ಹೆಚ್ಚು ಮಂದಿಯಿದ್ದರು. ಗಂಟು ಹೊತ್ತು ಮನೆಮನೆಗೆ ಹೋಗುವ ಬಾಡಿಗೆ ಲೈಬ್ರರಿ!

1812ರಲ್ಲಿ ಹೊಕುಸಾಯಿ ನಗೋಯಕ್ಕೆ ಹೋಗಿ ಮಾಕಿ ಬೊಕುಸೆನ್ ಎಂಬ ಶಿಷ್ಯನ ಮನೆಯಲ್ಲಿ ಉಳಿದುಕೊಂಡ. ಬೊಕುಸೆನ್ ಸಮುರಾಯಿ ಮನೆತನದವನು. ಅಲ್ಲಿದ್ದಾಗ ಬಿಡಿಸಿದ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಅದೇ ಊರಿನ ಎಯ್‌ರಾಕುಯ ಎಂಬ ಪ್ರಕಾಶಕ 1814ರಲ್ಲಿ ಪುಸ್ತಕವಾಗಿ ತಂದ. ಹೆಸರು ‘ಹೊಕುಸಾಯಿ ಮಾಂಗಾ’. ಮನಸ್ಸು ಹರಿದತ್ತ ಬಿಡಿಸಿದ ಚಿತ್ರಗಳು ಎಂಬಷ್ಟೇ ಆಗ ‘ಮಾಂಗಾ’ ಪದದ ಅರ್ಥ. ಇಂದಿನ ಮಾಂಗಾದ ಹಾಗೆ ಚೌಕಚೌಕವಾಗಿ ಸಾಗುವ ಕಥೆ ಅದರಲ್ಲಿಲ್ಲ. ಒಂದೇ ಸಂಪುಟಕ್ಕೆ ಮುಗಿಯಬೇಕಿದ್ದದ್ದು ಜನ ಮುಗಿಬಿದ್ದು ಕೊಂಡದ್ದರಿಂದ ಬೆಳೆಯುತ್ತ ಹದಿನೈದು ಸಂಪುಟಗಳಾಯಿತು. ಕೊನೆಯದು ಬಂದದ್ದು 1878ರಲ್ಲಿ, ಹೊಕುಸಾಯಿ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷಗಳ ಮೇಲೆ. ಒಟ್ಟು ಚಿತ್ರಗಳು ನಾಲ್ಕು ಸಾವಿರದ ಸುಮಾರು.

ಅದರ ಪುಟ ತಿರುವಿದವರಿಗೆ ಗೊತ್ತು, ಅಲ್ಲಿ ಕ್ರಮ ಎಂಬುದಿಲ್ಲ. ಸಂತನ ಪಕ್ಕದಲ್ಲಿ ಮೀನು, ಮೀನಿನಾಚೆ ಸೇತುವೆ. ಮೂರನೆಯ ಸಂಪುಟದಲ್ಲಿ ಗುಬ್ಬಚ್ಚಿ ಕುಣಿತ ಕುಣಿಯುವವರ ಒಂದೊಂದು ಭಂಗಿಯನ್ನೂ ಬಿಡಿಬಿಡಿಯಾಗಿ ಬಿಡಿಸಿದ್ದಾನೆ. ಕಣ್ಣು ಸರಿಸುತ್ತ ಹೋದರೆ ಕುಣಿತವೇ ಓಡುತ್ತದೆ, ಇಂದಿನ ಅನಿಮೇಷನ್ ಕಲಾವಿದರ ಭಂಗಿ ಹಾಳೆಗಳ ಹಾಗೆ. ಎಂಟನೆಯದರಲ್ಲಿ ಆನೆಯನ್ನು ತಡವುತ್ತಿರುವ ಕುರುಡರು. ನಮ್ಮ ‘ಉದಾನ’ದ ಕಥೆ ಬೌದ್ಧಧರ್ಮದ ಬೆನ್ನೇರಿ ಅಲ್ಲಿಯವರೆಗೆ ಹೋಗಿದೆ, ಒಬ್ಬ ಬೆನ್ನ ಮೇಲೇ ಹತ್ತಿ ಕೂತಿದ್ದಾನೆ. ನನಗೆ ಎಲ್ಲಕ್ಕಿಂತ ಇಷ್ಟ ಹನ್ನೆರಡನೆಯ ಸಂಪುಟದ ಪಾಯಿಖಾನೆಯ ಚಿತ್ರ: ಒಳಗೆ ಸಮುರಾಯಿ ದೊರೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ಹೊರಗೆ ಕಾದಿರುವ ಆಳುಗಳು ಮೂಗು ಹಿಡಿದುಕೊಂಡಿದ್ದಾರೆ. ದೊರೆಗಳ ಆಳ್ವಿಕೆಯಲ್ಲಿ ಇದನ್ನು ಅಚ್ಚು ಹಾಕಿ ಮಾರಿದ ಧೈರ್ಯಕ್ಕೆ ಮೆಚ್ಚಬೇಕು.

ಈ ಪುಸ್ತಕ ನೋಡಿ ಸಂತೋಷಪಡುವುದಕ್ಕೆ ಮಾತ್ರ ಮಾಡಿದ್ದಲ್ಲ. ಚಿತ್ರ ಕಲಿಯುವವರು ನೋಡಿಕೊಂಡು ಬಿಡಿಸಲೆಂದು ಮಾಡಿದ ಮಾದರಿ ಪುಸ್ತಕ ಇದು. ದೇಶದ ಮೂಲೆಮೂಲೆಯಲ್ಲಿದ್ದ ಶಿಷ್ಯರಿಗೆಲ್ಲ ಗುರು ಹೋಗಿ ಹೇಳಿಕೊಡಲಾರ, ಪುಸ್ತಕ ಹೋಗುತ್ತದೆ. ಮೇಳದಲ್ಲಿ ಕಂಡ ಹುಡುಗ ಫೋಟೊ ತೆಗೆದುಕೊಂಡು ಹೋಗಿ ರಾತ್ರಿ ಬಿಡಿಸಲು ಕೂರುವಂತೆ, ಆಗಿನ ಹುಡುಗನೂ ಇದನ್ನು ತೆರೆದಿಟ್ಟು ಕುಂಚ ಹಿಡಿದಿರಬೇಕು. ನಕಲಿಗೆಂದೇ ಹುಟ್ಟಿದ ಪುಸ್ತಕ ನಕಲಾಗುತ್ತ ದೂರ ಹೋಯಿತು. ಫ್ರಾನ್ಸಿನ ಫೆಲಿಕ್ಸ್ ಬ್ರಾಕ್‌ಮಾಂಡ್ 1866ರಲ್ಲಿ ಊಟದ ತಟ್ಟೆಗಳಿಗೆ ಚಿತ್ರ ಬರೆಯುವಾಗ ಹಕ್ಕಿ, ಮೀನುಗಳನ್ನು ಇದರಿಂದ ನೇರವಾಗಿ ಎತ್ತಿಕೊಂಡ.

ಇನ್ನು ಹುಡುಗ ಹೇಳಿದ ಒರಿಜಿನಲ್ಲಿನ ಸಂಗತಿ. ಹೊಕುಸಾಯಿ ತೆಳು ಕಾಗದದ ಮೇಲೆ ಕುಂಚದಿಂದ ಬಿಡಿಸಿದ ಕೊನೆಯ ಚಿತ್ರ ಕೆತ್ತುವವನ ಕೈಗೆ ಹೋಗುತ್ತದೆ. ಅವನು ಚೆರ್ರಿ ಮರದ ಹಲಗೆಗೆ ಅಂಟು ಬಳಿದು ಚಿತ್ರವನ್ನು ಮಗುಚಿ ಅಂಟಿಸುತ್ತಾನೆ. ಕಾಗದದ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ಪದರ ಕೀಳುತ್ತಾನೆ. ಗೆರೆಗಳು ಈಗ ಎಡಬಲ ಅದಲುಬದಲಾಗಿ ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಪ್ರತಿ ಗೆರೆಯ ಎರಡೂ ಅಂಚಿಗೆ ಚಾಕುವಿನಿಂದ ಕಾಗದ ಸಮೇತ ಕೊಯ್ದು, ಗೆರೆ ಇಲ್ಲದ ಕಡೆಯ ಮರವನ್ನೆಲ್ಲ ಕೆತ್ತಿ ತೆಗೆಯುತ್ತಾನೆ. ಉಬ್ಬಾಗಿ ಉಳಿದ ಗೆರೆಗೆ ಶಾಯಿ ಬಳಿದು ಅಚ್ಚೊತ್ತಿದರೆ ಪುಟ ಸಿದ್ಧ. ಚಿತ್ರ ಬರೆದ ಕಾಗದ ಎಲ್ಲಿ? ಮರದ ಚಕ್ಕೆಗಳ ಜೊತೆ ನೆಲದ ಮೇಲೆ. ‘ಹೊಕುಸಾಯಿ ಮಾಂಗಾ’ದ ಗೆರೆ ಎಂದು ನಾವು ಹೊಗಳುವುದು ಚಾಕು ಹಿಡಿದ ಇನ್ನೊಬ್ಬನ ಕೈಯಿಂದ ದಾಟಿ ಬಂದದ್ದು.

ಇದು ಹೊಕುಸಾಯಿಗೆ ಚೆನ್ನಾಗಿ ಗೊತ್ತಿತ್ತು. 1830ರ ದಶಕದಲ್ಲಿ ಅವನು ಪ್ರಕಾಶಕರಿಗೆ ಬರೆದ ಪತ್ರವೊಂದು ನನ್ನ ಮಟ್ಟಿಗೆ ಈ ಚರಿತ್ರೆಯಲ್ಲೇ ಸ್ವಾರಸ್ಯದ ದಾಖಲೆ. ಕೆತ್ತುವ ಕೆಲಸವನ್ನು ಎಗಾವಾ ತೊಮೆಕಿಚಿಗೇ ಕೊಡಿ ಎಂದು ಅದರಲ್ಲಿ ಕೇಳಿಕೊಳ್ಳುತ್ತಾನೆ. ಬೇರೆಯವರು ಕೆತ್ತಿದರೆ ತಾನು ಬರೆಯದ ಕೆಳರೆಪ್ಪೆಯನ್ನು ಸೇರಿಸಿಬಿಡುತ್ತಾರೆ. ಮೂಗನ್ನಂತೂ ಆಗ ಚಾಲ್ತಿಯಲ್ಲಿದ್ದ ಉತಾಗಾವಾ ಶೈಲಿಯ ಮೂಗನ್ನಾಗಿ ಮಾಡುತ್ತಾರೆ ಎಂದು ಗೋಳು. ತನ್ನ ಮೂಗು ಹೀಗೆ, ಅವರ ಮೂಗು ಹಾಗೆ ಎಂದು ಪತ್ರದಲ್ಲೇ ಬಿಡಿಸಿ ತೋರಿಸಿದ್ದಾನೆ. ಎಪ್ಪತ್ತು ದಾಟಿದ ಮುದುಕ ಮೂಗಿಗಾಗಿ ಜಗಳಕ್ಕೆ ನಿಂತದ್ದು ನಗು ತರಿಸುತ್ತದೆ. ಆದರೆ ಅಚ್ಚಾದ ಮೇಲೆ ತೋರಿಸಲು ಅವನ ಬಳಿ ಮೂಲವೇ ಇರುವುದಿಲ್ಲ ಎಂಬುದನ್ನು ನೆನೆದರೆ ನಗು ನಿಲ್ಲುತ್ತದೆ. ಅದೇ ಪತ್ರ ಒಳ್ಳೆಯ ಕೆತ್ತನೆಗಾರನಿಗೆ ಕೊಟ್ಟ ಪ್ರಶಸ್ತಿಯೂ ಹೌದು. ತೊಮೆಕಿಚಿ ಯಾರೆಂದು ಎಷ್ಟು ಅಭಿಮಾನಿಗಳಿಗೆ ಗೊತ್ತು?

ಅಮೆರಿಕದ ಕಾಮಿಕ್ಸ್‌ನಲ್ಲಿ ಜಗಳ ಬೇರೆಯದು. ಅಲ್ಲಿ ಪುಟದ ಫೋಟೊ ತೆಗೆದು ಅಚ್ಚು ಮಾಡುವುದರಿಂದ ಮೂಲ ಉಳಿಯುತ್ತದೆ. ಉಳಿದದ್ದು ಯಾರದೆಂಬುದೇ ಪ್ರಶ್ನೆ. ಜ್ಯಾಕ್ ಕಿರ್ಬಿ ಮಾರ್ವೆಲ್‌ಗೆ ಬಿಡಿಸಿಕೊಟ್ಟ ಪುಟಗಳು ಹತ್ತು ಸಾವಿರಕ್ಕೂ ಹೆಚ್ಚು. ವರ್ಷಗಟ್ಟಲೆ ಹೋರಾಡಿ 1987ರಲ್ಲಿ ಅವನು ವಾಪಸು ಪಡೆದದ್ದು ಎರಡು ಸಾವಿರದ ಆಸುಪಾಸು. ಎಡೊದಲ್ಲಿ ಜಗಳವಾಡಲಿಕ್ಕೂ ಕಾಗದ ಉಳಿಯುತ್ತಿರಲಿಲ್ಲ.

ಉಳಿದದ್ದೂ ಒಂದಿದೆ. 2019ರಲ್ಲಿ ಪ್ಯಾರಿಸ್ಸಿನಲ್ಲಿ ನೂರಾಮೂರು ಚಿಕ್ಕ ಚಿತ್ರಗಳು ಕಾಣಿಸಿಕೊಂಡವು. ಒಂದೊಂದೂ ಪೋಸ್ಟ್ ಕಾರ್ಡಿನಷ್ಟು. 1820ರಿಂದ 1840ರ ದಶಕಗಳ ನಡುವೆ ಹೊಕುಸಾಯಿ ಒಂದು ಪುಸ್ತಕಕ್ಕೆಂದು ಬಿಡಿಸಿದ್ದವು ಅವು. ಪುಸ್ತಕದ ಹೆಸರನ್ನು ಕನ್ನಡಕ್ಕೆ ತಂದರೆ ‘ಸಕಲ ವಸ್ತುಗಳ ಮಹಾ ಚಿತ್ರಪುಸ್ತಕ’. ಪ್ಯಾರಿಸ್ಸಿನ ಆಭರಣ ಕಲಾವಿದ ಆನ್ರಿ ವೆವೆರ್ ಸಂಗ್ರಹದಲ್ಲಿದ್ದ ಇವು 1948ರ ಹರಾಜಿನ ನಂತರ ಸಾರ್ವಜನಿಕರ ಕಣ್ಣಿಗೆ ಬಿದ್ದಿರಲಿಲ್ಲ. 2020ರಲ್ಲಿ ಬ್ರಿಟಿಷ್ ಮ್ಯೂಸಿಯಂ ಇವನ್ನು 2,70,000 ಪೌಂಡಿಗೆ ಕೊಂಡಿತು. ಇವು ಉಳಿದದ್ದಕ್ಕೆ ಕಾರಣ ಸರಳ: ಪುಸ್ತಕ ಅಚ್ಚಾಗಲಿಲ್ಲ. ಹಲಗೆಗೆ ಅಂಟಿಸಲು ಸಿದ್ಧವಾಗಿದ್ದ ಚಿತ್ರಗಳು ಕೆತ್ತುವವನ ಚಾಕು ಕಾಣಲಿಲ್ಲ.

ಮ್ಯೂಸಿಯಂ ಇವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಇಟ್ಟಿದೆ. ನಾನು ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತ ಹೋದೆ. ಚೀನಾದ ಪುರಾಣಗಳು, ಪ್ರಾಣಿಗಳು, ಮತ್ತು ಪ್ರಾಚೀನ ಭಾರತ. ದೇಶ ಬಿಟ್ಟು ಹೋಗುವುದು ನಿಷಿದ್ಧವಾಗಿದ್ದ ಕಾಲದಲ್ಲಿ ಬೌದ್ಧ ಗ್ರಂಥಗಳ ಆಧಾರದಿಂದ ಕಲ್ಪಿಸಿಕೊಂಡ ಭಾರತ ಅದು. ಒಂದು ಚಿತ್ರದಲ್ಲಿ ಕೋಸಲದ ದೊರೆ ವಿರೂಢಕ ಸಿಡಿಲು ಬಡಿದು ಸಾಯುತ್ತಿದ್ದಾನೆ. ಪಾಲಿ ಕಥೆಯ ಪ್ರಕಾರ ಶಾಕ್ಯರನ್ನು ಕೊಂದ ಅವನನ್ನು ನದಿಯ ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಹೊಕುಸಾಯಿಯ ಚಿತ್ರದಲ್ಲಿ ಮಿಂಚು ಚೂಪಾದ ಗೆರೆಗಳಾಗಿ ಸಿಡಿದಿದೆ. ಇಂದಿನ ಯಾವುದೇ ಮಾಂಗಾದ ಸ್ಫೋಟದ ಪುಟದ ಪಕ್ಕ ಇಟ್ಟರೂ ಹಳೆಯದೆನಿಸದು.

ನಾನು ಮೊದಲು ಸಂತೋಷಪಟ್ಟದ್ದು ಮೇಳದ ಹುಡುಗನ ಹಾಗೆಯೇ: ಇಲ್ನೋಡು, ಒರಿಜಿನಲ್ಲು. ಎರಡನೆಯ ಸಲ ನೋಡುವಾಗ ಮುಜುಗರವಾಯಿತು. ಹೊಕುಸಾಯಿ ಇವನ್ನು ಬಿಡಿಸಿದ್ದು ಸಾವಿರ ಕೈಗಳಿಗೆ ಹೋಗಲಿ, ಬಾಡಿಗೆಯವರ ಗಂಟಿನಲ್ಲಿ ಸುತ್ತಲಿ, ಕಲಿಯುವವರು ನಕಲು ಮಾಡಿ ಪುಟ ಹರಿದುಹಾಕಲಿ ಎಂದು. ನಮಗೆ ನಿಧಿಯಾಗಿರುವುದು ಅವನಿಗೆ ಆಗದೆ ಹೋದ ಕೆಲಸ. ಅಚ್ಚಾದ ಮಾಂಗಾವನ್ನು ‘ಪ್ರತಿ’ ಎಂದೂ ಇವನ್ನು ‘ಮೂಲ’ ಎಂದೂ ಬರೆಯುವ ಅಭ್ಯಾಸ ನನಗಿತ್ತು. ಪ್ರಬಂಧದ ಕರಡಿನಲ್ಲಿ ಆ ಎರಡೂ ಪದಗಳನ್ನು ಹೊಡೆದುಹಾಕಿದ್ದೇನೆ. ಮಾಂಗಾದ ಮೂಲ ಆ ಅಚ್ಚಾದ ಪುಸ್ತಕವೇ. ಅದಕ್ಕೆ ಹಿಂದೆ ಇನ್ನೊಂದಿಲ್ಲ, ಇದ್ದಿದ್ದರೆ ಪುಸ್ತಕವಿರುತ್ತಿರಲಿಲ್ಲ. ಅಲ್ಲಿನ ಗೆರೆಯಲ್ಲಿ ಹೊಕುಸಾಯಿ ಎಷ್ಟು, ಕೆತ್ತಿದವನು ಎಷ್ಟು ಎಂದು ಬಿಡಿಸಿ ಹೇಳಲಾಗದು.

2021ರಲ್ಲಿ ಬ್ರಿಟಿಷ್ ಮ್ಯೂಸಿಯಂ ಈ ಚಿತ್ರಗಳ ಪ್ರದರ್ಶನ ನಡೆಸಿತು, ಜೊತೆಗೆ ಪುಸ್ತಕವನ್ನೂ ತಂದಿತು. ಹೆಚ್ಚುಕಡಿಮೆ ಇನ್ನೂರು ವರ್ಷ ತಡವಾಗಿ ‘ಸಕಲ ವಸ್ತುಗಳ ಮಹಾ ಚಿತ್ರಪುಸ್ತಕ’ ಅಚ್ಚಾಯಿತು, ಆರ್ಟ್ ಬುಕ್ಕಾಗಿ, ಕ್ಯಾಮೆರಾದ ಮೂಲಕ. ಈ ಸಲ ಕಾಗದಕ್ಕೆ ಏನೂ ಆಗಲಿಲ್ಲ.

ಮೊನ್ನೆ ಹಾಸ್ಟೆಲ್ಲಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ವಿರೂಢಕನ ಚಿತ್ರವನ್ನು ತೆಳು ಕಾಗದದ ಮೇಲೆ ಪ್ರಿಂಟ್ ತೆಗೆಸಿದೆ. ಕಿಟಕಿಯ ಗಾಜಿಗೆ ಮಗುಚಿ ಹಿಡಿದೆ. ಹಿಂದಿನಿಂದ ಬೆಳಕು ಬಿದ್ದು ಗೆರೆಗಳು ತಿರುವುಮುರುವಾಗಿ ಮೂಡಿದವು. ತೊಮೆಕಿಚಿಯ ಕೈಗೆ ಇದು ಸೇರಿದ್ದರೆ ಕಾಣುತ್ತಿದ್ದದ್ದು ಹೀಗೇ. ಎಲ್ಲಿಂದ ಚಾಕು ಇಡುತ್ತಿದ್ದನೋ ಎಂದು ಹುಡುಕಿದೆ. ಮಿಂಚಿನಿಂದಲೋ, ಮೂಗಿನಿಂದಲೋ.